ಆ ಕಂಬಿ ಬಿಡಿ ಸ್ವಾಮಿ!

ಬೆಳಿಗ್ಗೆಯಿಂದ ತಲೆ ಕೊರೆಯುತ್ತಿದೆ. ಇಲ್ಲಿ ಬರೆದು ಹಾಕಿದರೇ ಸಮಾಧಾನ.

ಜಿಮ್‌ನಲ್ಲಿ ನನ್ನ ಪಕ್ಕದ ಟ್ರೆಡ್‌ಮಿಲ್ ಮೇಲೆ ಒಬ್ಬರು ಹತ್ತಿದರು. ಇನ್‌ಕ್ಲೈನ್, ಅಂದರೆ ಬೆಲ್ಟಿನ ಏರು, 15ಕ್ಕೆ ಏರಿಸಿದರು. ಆಮೇಲೆ ಎದುರಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೈಯನ್ನೆಲ್ಲ ಹಿಂದಕ್ಕೆ ಬಿಟ್ಟು ಜೋತುಬಿದ್ದರು. ಹಗ್ಗ ಜಗ್ಗುವ ಪಂದ್ಯದಲ್ಲಿ ಸೋಲುತ್ತಿರುವವರ ಹಾಗೆ. ಹೀಗೇ ಒಂದು ಗಂಟೆ. ಇಳಿದವರೇ ನನಗೆ ಸ್ಕ್ರೀನ್ ತೋರಿಸಿ, "ನೋಡಿ ಮೇಡಂ, 700 ಕ್ಯಾಲೊರಿ! ರೋಡಲ್ಲಿ ನಡೆದ್ರೆ ಇದು ಬರುತ್ತಾ?" ಅಂದರು.

ನಾನು ನಕ್ಕುಬಿಟ್ಟೆ. ನಗುವ ಯೋಗ್ಯತೆ ನನಗಿರಲಿಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ಸ್ವಾಮಿ, ಆ ಯಂತ್ರಕ್ಕೆ ಕಣ್ಣಿಲ್ಲ. ಬೆಲ್ಟ್ ಎಷ್ಟು ಜೋರಾಗಿ ಓಡುತ್ತಿದೆ, ಎಷ್ಟು ಏರಿದೆ, ನೀವು ತೂಕ ಒತ್ತಿದ್ದರೆ ಅದೆಷ್ಟು, ಅಷ್ಟೇ ಅದರ ಲೆಕ್ಕ. ನೀವು ಕಂಬಿಗೆ ನೇತಾಡುತ್ತಿದ್ದೀರಿ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಬೆಟ್ಟ ಹತ್ತುವಾಗ ಕಾಲು ಮೈಭಾರ ಹೊರಬೇಕು, ಅದಕ್ಕೇ ಏರು ಅಷ್ಟು ಸುಸ್ತು ಮಾಡುವುದು. ಭಾರವನ್ನು ಕೈಗೆ, ಕಂಬಿಗೆ ಹಂಚಿ ಹಿಂದಕ್ಕೆ ವಾಲಿದರೆ ಏರಿಸಿದ್ದರಲ್ಲಿ ಎಷ್ಟೋ ಪಾಲು ವ್ಯರ್ಥ. ಸ್ಕ್ರೀನ್ ಮಾತ್ರ ನೀವು ಬೆಟ್ಟ ಹತ್ತಿದಿರಿ ಅಂತಲೇ ಬರೆದುಕೊಳ್ಳುತ್ತದೆ.

ಅಂದಹಾಗೆ, ಟ್ರೆಡ್‌ಮಿಲ್ ಅನ್ನುವ ಹೆಸರು ಬಂದದ್ದೇ ಜೈಲಿನಿಂದ. 1818ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಕ್ಯೂಬಿಟ್ ಎನ್ನುವ ಎಂಜಿನಿಯರ್ ಕೈದಿಗಳಿಗಾಗಿ ತುಳಿಯುವ ಚಕ್ರ ಮಾಡಿಸಿದ. ತಿರುಗುವ ದೊಡ್ಡ ಚಕ್ರದ ಮೆಟ್ಟಿಲುಗಳನ್ನು ಗಂಟೆಗಟ್ಟಲೆ ಹತ್ತುತ್ತಲೇ ಇರಬೇಕು. ಬೀಳದೆ ಇರಲು ಎದುರಿಗೆ ಹಿಡಿದುಕೊಳ್ಳುವ ಕಂಬಿ. 1898ರಲ್ಲಿ ಕಾನೂನು ತಂದು ಆ ಶಿಕ್ಷೆ ನಿಲ್ಲಿಸಿದರು. ನಾವೀಗ ದುಡ್ಡು ಕೊಟ್ಟು, ಅದೂ ಖುಷಿಯಿಂದ, ಕಂಬಿ ಎಣಿಸುತ್ತಿದ್ದೇವೆ.

ಹಾಗಂತ ಹೊರಗೆ ನಡೆಯುವ ಪಂಗಡದವರು ಬೀಗಬೇಡಿ. ನಿಮ್ಮದೂ ಕಡಿಮೆ ಇಲ್ಲ. "ಟ್ರೆಡ್‌ಮಿಲ್‌ನಲ್ಲಿ ಬೆಲ್ಟೇ ಕಾಲನ್ನು ಎಳೆದುಕೊಂಡು ಹೋಗುತ್ತೆ, ನಾವು ಏನೂ ಮಾಡೋದೇ ಬೇಡ" ಅಂತ ಎಷ್ಟು ಸಲ ಕೇಳಿಲ್ಲ! ಒಂದೇ ವೇಗದಲ್ಲಿ ಹೋಗುತ್ತಿರುವ ರೈಲಿನೊಳಗೆ ಎಂಜಿನ್ ಕಡೆಗೆ ನಡೆದರೂ ಒಂದೇ, ಹಿಂದಕ್ಕೆ ನಡೆದರೂ ಒಂದೇ, ಅಲ್ವಾ? ಇದೂ ಅದೇ ಕಥೆ, ಬೆಲ್ಟ್ ಒಂದೇ ವೇಗದಲ್ಲಿ ಓಡುವಾಗ ಕಾಲಿಗೆ ನೆಲದ ಮೇಲಿನಷ್ಟೇ ಕೆಲಸ. ಇನ್ನು "ಗಾಳಿಯ ತಡೆ ಇರಲ್ಲ, ಅದಕ್ಕೆ 1% ಇನ್‌ಕ್ಲೈನ್ ಇಡಲೇಬೇಕು" ಅನ್ನುವವರು. ಅದು 1996ರಲ್ಲಿ ಬ್ರಿಟನ್ನಿನ ಇಬ್ಬರು ಸಂಶೋಧಕರು ಓಟಗಾರರನ್ನು ಓಡಿಸಿ ನೋಡಿ ಹೇಳಿದ್ದು. ನಾನು ನಡೆಯುವ ವೇಗಕ್ಕೆ ಗಾಳಿ ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹೊರಗಿನ ದಾರಿಯಲ್ಲಿ ಒಂದು ಗುಣವಿದೆ, ಒಪ್ಪುತ್ತೇನೆ. ಅಲ್ಲಿ ಸ್ಟಾಪ್ ಬಟನ್ ಇಲ್ಲ. ಎರಡು ಕಿಲೋಮೀಟರ್ ಹೋದಮೇಲೆ ಬೇಜಾರಾದರೂ ಮನೆಗೆ ಎರಡು ಕಿಲೋಮೀಟರ್ ನಡೆದೇ ಬರಬೇಕು. ಹಳ್ಳ ದಿಣ್ಣೆ ಬೇರೆ. ಜೋತುಬೀಳಲು ಕಂಬಿಯೂ ಇಲ್ಲ! ಆದರೆ ಸಿಕ್ಕವರ ಜೊತೆಯೆಲ್ಲ ನಿಂತು ಮಾತಾಡಿದ ಇಪ್ಪತ್ತು ನಿಮಿಷವನ್ನೂ ವಾಕಿಂಗ್ ಖಾತೆಗೆ ಬರೆಯಬೇಡಿ, ಅಷ್ಟೇ.

ವಯಸ್ಸಾದವರು, ತಲೆ ತಿರುಗುವವರು ಕಂಬಿ ಹಿಡಿಯಬಾರದಾ ಅಂತ ಯಾರೋ ಕೇಳೇ ಕೇಳುತ್ತೀರಿ. ಹಿಡಿಯಲಿ ಮಾರಾಯ್ರೇ, ಅದಿರುವುದೇ ಅವರಿಗಾಗಿ. ನಾನು ಹೇಳುತ್ತಿರುವುದು ಹಿಡಿದುಕೊಂಡು 700 ಅಂತ ಎದೆ ಉಬ್ಬಿಸುವವರ ಬಗ್ಗೆ.

ಸರಿ, ಈಗ ತಪ್ಪೊಪ್ಪಿಗೆ. ಹೋದ ವರ್ಷ ನಾನೂ ಹೀಗೇ ಜೋತುಬಿದ್ದವಳು. ಮಂಡಿ ನೋವಿನ ಪುರಾಣ ನನ್ನದೂ ಒಂದಿದೆ, ಅದನ್ನೇ ನೆಪ ಮಾಡಿಕೊಂಡಿದ್ದೆ. ಸ್ಕ್ರೀನ್ ಮೇಲಿನ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಂಡು ಮನೆಗೆ ಬರುತ್ತಿದ್ದೆ. ತಟ್ಟೆ ಮುಂದೆ ಕೂತಾಗ ಅದೇ ಧೈರ್ಯ. "ಇವತ್ತು 500 ಕರಗಿಸಿದ್ದೀನಲ್ಲ, ಇನ್ನೊಂದು ಸಲ ಬಡಿಸಿಕೊಂಡರೆ ಏನಾಯ್ತು?" ನಾಲ್ಕು ತಿಂಗಳಾದ ಮೇಲೆ ತೂಕ ನೋಡಿದರೆ ಎರಡು ಕಿಲೋ ಜಾಸ್ತಿ! ತಕ್ಕಡಿ ಕೆಟ್ಟಿದೆ ಅಂತ ಮನೆಯಲ್ಲಿ ಜಗಳ ಬೇರೆ ಮಾಡಿದ್ದೆ.

ಕೊನೆಗೆ ಕೂತು ಲೆಕ್ಕ ಹಾಕಿದೆ. 70 ಕಿಲೋ ತೂಗುವವರು ಸಮತಟ್ಟಿನಲ್ಲಿ ಗಂಟೆಗೆ 5 ಕಿಲೋಮೀಟರ್‌ನಂತೆ ಒಂದು ಗಂಟೆ ನಡೆದರೆ ಹೆಚ್ಚುಕಡಿಮೆ 240 ಕ್ಯಾಲೊರಿ. ಅದರಲ್ಲಿ 70ರಷ್ಟು ಸುಮ್ನೆ ಕೂತಿದ್ದರೂ ಖರ್ಚಾಗುತ್ತಿತ್ತು. ಉಳಿದದ್ದು 170. ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಅಂದರೆ, ಊಟ ಒಂದು ತುತ್ತೂ ಜಾಸ್ತಿ ಆಗದಂತೆ ನೋಡಿಕೊಂಡು, ದಿನಾ ಒಂದು ಗಂಟೆ ನಡೆದರೆ 45 ದಿನಕ್ಕೆ ಒಂದು ಕಿಲೋ! ಬೆಲ್ಟ್ ಮೇಲಾದರೂ ಅಷ್ಟೇ, ರಸ್ತೆ ಮೇಲಾದರೂ ಅಷ್ಟೇ. ಆವತ್ತು ಆ ಲೆಕ್ಕ ನೋಡಿ ಅತ್ತಿದ್ದೆ. ನಗಬೇಡಿ.

ಆಮೇಲಿನಿಂದ ಯಂತ್ರ ಹತ್ತಿದ ಕೂಡಲೇ ಸ್ಕ್ರೀನ್ ಮೇಲೆ ಟವೆಲ್ ಹಾಕಿಬಿಡುತ್ತೇನೆ. ಕೈ ಬೀಸಿಕೊಂಡು ನಡೆಯುತ್ತೇನೆ. ಇನ್‌ಕ್ಲೈನ್ ನಾಲ್ಕಕ್ಕಿಂತ ಮೇಲೆ ಹೋದರೆ ಉಸಿರು ಸಾಲುವುದಿಲ್ಲ, ಆಗ ಇಳಿಸಿಕೊಳ್ಳುತ್ತೇನೆ. ಕಂಬಿ ಮಾತ್ರ ಮುಟ್ಟುವುದಿಲ್ಲ.

ಇವತ್ತು ಆ ಮಹಾಶಯರು ಹೋಗುವಾಗ "ನಿಮ್ಮದು ಎಷ್ಟಾಯ್ತು ಮೇಡಂ?" ಅಂತ ಕೇಳಿದರು. "ನೋಡಲ್ಲ ಸಾರ್" ಅಂದೆ, ದೊಡ್ಡ ಸನ್ಯಾಸಿನಿ ಥರ. ಅವರು ಬಾಗಿಲು ದಾಟಿದ ಮೇಲೆ ಟವೆಲ್ ತುದಿ ಎತ್ತಿ ಕದ್ದು ನೋಡಿದೆ.

238. ಸ್ವಲ್ಪ ಬೇಜಾರಾಯಿತು.