ರಾಗಿಯಲ್ಲಿ ಪಿಷ್ಟವಿಲ್ಲವೆಂಬ ಸಂದೇಶ: ಸ್ಪಷ್ಟನೆ

ರಾಗಿ, ನವಣೆಗಳಲ್ಲಿ ಪಿಷ್ಟವೇ ಇಲ್ಲವಾದ್ದರಿಂದ ಸಕ್ಕರೆ ಕಾಯಿಲೆಯವರು ವರ್ಷವಿಡೀ ಮುದ್ದೆಯನ್ನು ಅಳತೆಯಿಲ್ಲದೆ ಉಣ್ಣಬಹುದೆಂಬ ಸಂದೇಶವೊಂದು ಚಿತ್ರದುರ್ಗದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಅದು ತಪ್ಪು. 100 ಗ್ರಾಂ ರಾಗಿಯಲ್ಲಿ ಸುಮಾರು 66ರಿಂದ 72 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್, ಬಹುಪಾಲು ಪಿಷ್ಟವೇ) ಇದೆ. ಅಕ್ಕಿಯಲ್ಲಿ 78ರ ಆಸುಪಾಸು. ರಾಗಿಯ ನಿಜವಾದ ಹೆಚ್ಚುಗಾರಿಕೆ ಇರುವುದು ನಾರಿನಲ್ಲಿ ಮತ್ತು 100 ಗ್ರಾಮಿಗೆ 300 ಮಿಲಿಗ್ರಾಂ ಮೀರುವ ಕ್ಯಾಲ್ಸಿಯಂನಲ್ಲಿ. ಆ ನಾರನ್ನೂ ನಾವು ಹಿಟ್ಟನ್ನು ನುಣ್ಣಗೆ ಜರಡಿ ಹಿಡಿದು, ತೌಡನ್ನು ಎಮ್ಮೆಯ ಬಾನಿಗೆ ಸುರಿದು ಕಳೆದುಕೊಳ್ಳುತ್ತೇವೆ (ಎಮ್ಮೆಗೆ ಲಾಭವೇ ಸರಿ). ಆದ್ದರಿಂದ ಮುದ್ದೆಯ ಗಾತ್ರ ತಗ್ಗಿಸಿ, ಮಳೆಗಾಲದಲ್ಲಿ ಹೊಲದ ಬೆರಕೆ ಸೊಪ್ಪಿನ ಸಾರು, ಚಳಿಗಾಲದಲ್ಲಿ ಹಸಿ ಅವರೆಕಾಳು, ಬೇಸಿಗೆಯಲ್ಲಿ ಮೊಳಕೆ ಹೆಸರುಕಾಳಿನ ಪಲ್ಯದೊಂದಿಗೆ ಮಜ್ಜಿಗೆ ಇಟ್ಟುಕೊಳ್ಳುವುದು ಸೂಕ್ತ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಮುದ್ದೆಯ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ ನಿರ್ಧರಿಸಬೇಕು.