ಹ್ಯಾರಿ ಹೋಲ್‌ನನ್ನು ಒಂದನೇ ಪುಸ್ತಕದಿಂದಲೇ ಓದಬೇಕೆ?

ಪರ: ಸಿಡ್ನಿಯಿಂದಲೇ ಹೊರಡಿ

ನಾರ್ವೆಯ ಕಾದಂಬರಿಕಾರ ಜೋ ನೆಸ್ಬೊನ ಪೊಲೀಸ್ ನಾಯಕ ಹ್ಯಾರಿ ಹೋಲ್ ಎಂದ ಕೂಡಲೇ ನಮ್ಮಲ್ಲಿ ‘ದಿ ಸ್ನೋಮ್ಯಾನ್’ ಹೆಸರು ಬರುತ್ತದೆ. 2017ರ ಸಿನಿಮಾ ಬಂದ ಮೇಲಂತೂ ಅದೇ ಹೆಬ್ಬಾಗಿಲಾಗಿಬಿಟ್ಟಿದೆ. ಅದು ಸರಣಿಯ ಏಳನೆಯ ಪುಸ್ತಕ, ಸ್ವಾಮಿ!

ಈ ಎಡವಟ್ಟಿಗೆ ಓದುಗರನ್ನಷ್ಟೇ ದೂರುವಂತಿಲ್ಲ. ಮೊದಲ ಕಾದಂಬರಿ ‘ದಿ ಬ್ಯಾಟ್’ ನಾರ್ವೆಯಲ್ಲಿ ಬಂದದ್ದು 1997ರಲ್ಲಿ, ಇಂಗ್ಲಿಷಿಗೆ ಬಂದದ್ದು 2012ರಲ್ಲಿ. ಇಂಗ್ಲಿಷಿನಲ್ಲಿ ಮೊದಲು ಅಚ್ಚಾದದ್ದು ಐದನೆಯದಾದ ‘ದಿ ಡೆವಿಲ್ಸ್ ಸ್ಟಾರ್’, 2005ರಲ್ಲಿ. ಮೂರನೆಯದು 2006ರಲ್ಲಿ, ನಾಲ್ಕನೆಯದು 2008ರಲ್ಲಿ ಬಂದವು. ಮೂರು, ನಾಲ್ಕು, ಐದರಲ್ಲಿ ಓಸ್ಲೋ ಪೊಲೀಸ್ ಇಲಾಖೆಯೊಳಗಿನ ಒಂದೇ ದ್ರೋಹದ ಎಳೆ ಓಡುತ್ತದೆ. ಐದನ್ನು ಮೊದಲು ಓದಿದವರಿಗೆ ದ್ರೋಹಿ ಯಾರೆಂಬುದು ಗೊತ್ತಾಗಿಬಿಟ್ಟಿರುತ್ತದೆ. ಆಮೇಲೆ ಮೂರನೆಯದನ್ನು ಹಿಡಿದರೆ, ಉಸಿರು ಬಿಗಿಹಿಡಿದು ಓದಬೇಕಾದ ಪುಟಗಳು ಸಪ್ಪಗೆ ಸರಿದುಹೋಗುತ್ತವೆ.

ಆದ್ದರಿಂದ ಕೊಳ್ಳುವ ಮುನ್ನ ಹಕ್ಕುಸ್ವಾಮ್ಯದ ಪುಟ ತೆರೆದು ನೋಡಿ. ಅಲ್ಲಿ ಮೂಲದ ಇಸವಿಯೂ ಅನುವಾದದ ಇಸವಿಯೂ ಇರುತ್ತವೆ. ನಿಮಗೆ ಬೇಕಾದದ್ದು ಮೂಲದ್ದು. ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಗಳಲ್ಲಿ ಎರಡು, ಆರು, ಎಂಟು ಎಲ್ಲ ಒಟ್ಟಿಗೇ ಪೇರಿಸಿರುತ್ತಾರೆ, ಕ್ರಮಸಂಖ್ಯೆ ಎಲ್ಲ ಮುದ್ರಣಗಳ ಮೇಲೂ ಇರುವುದಿಲ್ಲ. 1997, 1998, 2000, 2002, 2003, 2005, 2007: ಮೊದಲ ಏಳಕ್ಕೆ ಇಷ್ಟು ಗೊತ್ತಿದ್ದರೆ ಸಾಕು.

ಇನ್ನು ‘ದಿ ಬ್ಯಾಟ್’ನ ಮಾತು. ಮೂವತ್ತು ಗಂಟೆಗೂ ಮೀರಿದ ಪ್ರಯಾಣ ಮುಗಿಸಿದ ಹ್ಯಾರಿ ಸಿಡ್ನಿ ವಿಮಾನ ನಿಲ್ದಾಣದ ಪಾಸ್‌ಪೋರ್ಟ್ ಕೌಂಟರಿನಲ್ಲಿ ನಿಂತಿದ್ದಾನೆ. ಹೇಗಿದ್ದೀಯಪ್ಪಾ ಎಂದು ಅಧಿಕಾರಿ ಹೆಂಗಸು ಕೇಳುತ್ತಾಳೆ. ಚೆನ್ನಾಗಿದ್ದೇನೆ ಅನ್ನುತ್ತಾನೆ. ಶುದ್ಧ ಸುಳ್ಳು. ಮುಂದಿನ ಪುಸ್ತಕಗಳ ಉದ್ದಕ್ಕೂ ಮೇಲಧಿಕಾರಿಗೆ, ಪ್ರೇಯಸಿ ರಾಕೆಲ್‌ಗೆ, ತನಗೇ ತಾನು ಹೇಳಿಕೊಳ್ಳುವ ಸುಳ್ಳು ಇದೇ! ಕುಡಿದು ಓಡಿಸಿದ ಕಾರು, ಅದರಲ್ಲಿ ಸತ್ತ ಸಹೋದ್ಯೋಗಿ, ಅದನ್ನು ಮುಚ್ಚಿಹಾಕಿದ ಇಲಾಖೆ, ಇದನ್ನೆಲ್ಲ ಅವನು ಬಾಯಿಬಿಟ್ಟು ಹೇಳುವುದು ಈ ಪುಸ್ತಕದಲ್ಲಿ. ಇದು ಗೊತ್ತಿಲ್ಲದೆ ಏಳನೆಯದನ್ನು ಓದಿದವರಿಗೆ ಅವನು ಬರೀ ಒಬ್ಬ ಕುಡುಕ ಪತ್ತೇದಾರ, ಅಷ್ಟೆ.

ಮೊದಲ ಮೂರನೇ ಒಂದು ಪಾಲು ನಿಧಾನ, ನಿಜ. ಮೂಲನಿವಾಸಿ ಪತ್ತೇದಾರ ಆಂಡ್ರ್ಯೂ ಕೆನ್ಸಿಂಗ್ಟನ್ ಹಾವಿನ, ಬಾವಲಿಯ ಪುರಾಣ ಹೇಳುತ್ತ ಕೂರುತ್ತಾನೆ. ಪುಟ ಹಾರಿಸುವ ಚಪಲ ಹುಟ್ಟುವುದು ಅಲ್ಲೇ. ಹಾರಿಸಬೇಡಿ. ಆಂಡ್ರ್ಯೂ ಹೊತ್ತು ಕಳೆಯಲು ಕಥೆ ಹೇಳುವವನಲ್ಲ, ಹ್ಯಾರಿಗೆ ನೇರವಾಗಿ ಹೇಳಲಾಗದ್ದನ್ನು ಸುತ್ತಿ ಬಳಸಿ ಹೇಳುತ್ತಿದ್ದಾನೆ. ಅವನ ಒಂದೊಂದು ಕಥೆಯನ್ನೂ ನಡುವೆ ನಿಲ್ಲಿಸದೆ ಓದಿ, ಬಾಕ್ಸಿಂಗ್ ತಂಡದವರ, ಸರ್ಕಸ್ಸಿನವರ ಹೆಸರುಗಳನ್ನು ಬುಕ್‌ಮಾರ್ಕಿನ ಹಿಂದೆ ಗೀಚಿಟ್ಟುಕೊಳ್ಳಿ. ಕೊನೆಯ ನೂರು ಪುಟಗಳಲ್ಲಿ ಅವು ಬೇಕಾಗುತ್ತವೆ.

ಮೂರರಿಂದ ಶುರು ಮಾಡಿ ಎನ್ನುವವರಿದ್ದಾರೆ. ಅವರಿಗೆ ಓದುವುದಕ್ಕಿಂತ ಓದಿ ಮುಗಿಸುವ ಅವಸರ ಜಾಸ್ತಿ.

ವಿರೋಧ: ಮೂರರಿಂದ ಓದಿದರೆ ಏನೂ ಮುಳುಗುವುದಿಲ್ಲ

ವಿರೋಧ ಬರೆಯಿರಿ ಅಂದಿದ್ದಾರೆ, ಬರೆಯೋಣ.

ಸರಣಿಯ ಮೊದಲ ಪುಸ್ತಕದಲ್ಲಿ ಲೇಖಕ ಇನ್ನೂ ಕೈ ಪಳಗಿಸಿಕೊಳ್ಳುತ್ತಿರುತ್ತಾನೆ. ಷೆರ್ಲಾಕ್ ಹೋಮ್ಸ್‌ನ ಮೊದಲ ಕಾದಂಬರಿ 1887ರದ್ದು, ಅದರ ಹಕ್ಕಿಗೆ ಕಾನನ್ ಡಾಯ್ಲ್‌ಗೆ ಸಿಕ್ಕದ್ದು 25 ಪೌಂಡ್. ಅರ್ಧದಲ್ಲಿ ಕಥೆ ಲಂಡನ್ ಬಿಟ್ಟು ಅಮೆರಿಕದ ಯೂಟಾಕ್ಕೆ ಹೋಗಿ, ಹೋಮ್ಸ್ ಅಧ್ಯಾಯಗಟ್ಟಲೆ ನಾಪತ್ತೆ. ಅವನು ಮನೆಮಾತಾದದ್ದು 1891ರಿಂದ ಸ್ಟ್ರಾಂಡ್ ಪತ್ರಿಕೆಯಲ್ಲಿ ಬಂದ ಸಣ್ಣಕಥೆಗಳಿಂದ. ಇಯಾನ್ ರ‍್ಯಾಂಕಿನ್ 1987ರಲ್ಲಿ ತನ್ನ ಪೊಲೀಸ್ ಪತ್ತೇದಾರ ರೀಬಸ್‌ನ ಮೊದಲ ಪುಸ್ತಕ ತಂದಾಗ ಅದು ಸರಣಿಯಾಗುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಅಪರಾಧ ಕಾದಂಬರಿಗಳಿಗೆ ಕೊಡುವ ಗೋಲ್ಡ್ ಡ್ಯಾಗರ್ ಪ್ರಶಸ್ತಿ ಸಿಕ್ಕಿದ್ದು 1997ರಲ್ಲಿ, ಎಂಟನೆಯದಕ್ಕೆ. ನಮ್ಮಲ್ಲೇ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಯಾರು ಕ್ರಮಸಂಖ್ಯೆ ನೋಡಿ ಓದಿದರು? ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಕೈಗೆ ಸಿಕ್ಕಿದ್ದೇ ಮೊದಲನೆಯದು.

‘ದಿ ಬ್ಯಾಟ್’ನಲ್ಲಿ ಕಥೆ ಓಸ್ಲೋದಲ್ಲಿ ನಡೆಯುವುದೇ ಇಲ್ಲ. ರಾಕೆಲ್ ಇಲ್ಲ, ಅವಳ ಮಗ ಒಲೆಗ್ ಇಲ್ಲ. ಸಿಡ್ನಿಯ ಬೀದಿ, ಬಾರುಗಳ ಪರಿಚಯವೇ ಹೆಚ್ಚು. ಮೂರನೆಯದಾದ ‘ದಿ ರೆಡ್‌ಬ್ರೆಸ್ಟ್’ನಲ್ಲಿ ಎಲ್ಲರೂ ಬರುತ್ತಾರೆ, ಜೊತೆಗೆ ಎರಡನೇ ಮಹಾಯುದ್ಧದಲ್ಲಿ ಲೆನಿನ್‌ಗ್ರಾಡ್ ಬಳಿ ಜರ್ಮನರ ಪರ ಕಾದಿದ ನಾರ್ವೆಯ ಸೈನಿಕರ ಕಥೆಯೂ ಇದೆ. ಒಂದೇ ಎಚ್ಚರಿಕೆ: ಅಧ್ಯಾಯದ ತಲೆಯ ಮೇಲಿರುವ ಸ್ಥಳ, ತಾರೀಖು ಓದದೆ ಮುಂದೆ ಹೋದರೆ 1944 ಯಾವುದು, 1999 ಯಾವುದು ಎಂದು ತಲೆ ಕೆಡುತ್ತದೆ.

ಪರ ಬರೆದವರು ಮೂರು, ನಾಲ್ಕು, ಐದರ ಕ್ರಮ ತಪ್ಪಬಾರದು ಅಂದಿದ್ದಾರೆ. ಒಪ್ಪಿದೆ. ಆದರೆ ಅದು ಒಂದರ ಪರವಾದ ವಾದ ಹೇಗಾಯಿತು? ಹ್ಯಾರಿ ಯಾವಾಗ ಕುಡಿತ ಬಿಟ್ಟ, ಯಾವಾಗ ಮತ್ತೆ ಹಿಡಿದ ಎಂದು ಖಾತೆ ಬರೆದಿಡುವವರು ಒಂದರಿಂದ ಓದಲಿ ಬಿಡಿ.

ಮೂರು, ನಾಲ್ಕು, ಐದು ಮುಗಿಸಿ, ಏಳಕ್ಕೆ ಕೈಹಾಕುವ ಮುಂಚೆ ಒಂದನ್ನು ಓದಿಕೊಂಡರೆ ಒಳ್ಳೆಯದೇ. ಸರಣಿ ಹಂತಕರ ವಿಷಯದಲ್ಲಿ ಇಲಾಖೆ ಹ್ಯಾರಿಯ ಮಾತಿಗೆ ಕಿವಿಗೊಡುವುದಕ್ಕೆ ಸಿಡ್ನಿಯ ಕೇಸೇ ಕಾರಣ. ಎರಡನೆಯದು, ನಾರ್ವೆಯ ರಾಯಭಾರಿ ಬ್ಯಾಂಕಾಕ್‌ನಲ್ಲಿ ಹೆಣವಾಗಿ ಸಿಕ್ಕಿದ ಕೇಸು, ಬಿಟ್ಟರೂ ನಡೆಯುತ್ತದೆ. ಹ್ಯಾರಿಯ ತಂಗಿಯ ವಿಷಯವೊಂದು ಮಾತ್ರ ಕೈತಪ್ಪುತ್ತದೆ.