ಪ್ರೇಮ ಬರೆದದ್ದೇ ಬಂಡಾಯ

2022ರಲ್ಲಿ, ಹಿಜಾಬ್ ಸರಿಯಾಗಿ ಧರಿಸಿಲ್ಲ ಅಂತ ಪೊಲೀಸರು ಹಿಡಿದೊಯ್ದಿದ್ದ ಮಹ್ಸಾ ಅಮೀನಿ ಎಂಬ ಯುವತಿಯ ಸಾವಿನ ನಂತರ ಇರಾನಿನ ಹೆಣ್ಣುಮಕ್ಕಳು ಬೀದಿಗಿಳಿದಾಗ, ಅಲ್ಲಿನ ಕವಯಿತ್ರಿಯರನ್ನು ಓದಬೇಕು ಅಂತ ನಮ್ಮಲ್ಲೂ ಹಲವರಿಗೆ ಅನಿಸಿತು. ಹೋರಾಟದ ಕವಿತೆ ಇದ್ದರೆ ಕಳಿಸಿ ಅಂತ ಕೇಳಿದವರಿಗೆ ನಾನು ಫರೂಗ್ ಫರೂಖ್‌ಜಾದ್ ಕವಿತೆ ಕಳಿಸಿದೆ. "ಇದು ಪ್ರೇಮಕವಿತೆ ಅಲ್ವಾ, ಹೋರಾಟದ್ದು ಯಾವುದೂ ಇಲ್ವಾ?" ಅಂತ ಉತ್ತರ ಬಂತು. ಪ್ರೇಮ ಒಂದು ಕಡೆ, ಬಂಡಾಯ ಇನ್ನೊಂದು ಕಡೆ ಅಂತ ಗೆರೆ ಎಳೆದುಕೊಂಡು ಕೂತರೆ ಈ ಕವಿತೆಗಳು ಕೈಗೆ ಸಿಗುವುದೇ ಇಲ್ಲ.

ಪರ್ಶಿಯನ್ ಕಾವ್ಯದಲ್ಲಿ ಪ್ರೇಮಕ್ಕೇನು ಬರವೇ? ಗಜಲ್‌ಗಳ ತುಂಬ ಗುಂಗುರು ಕೂದಲು, ಕೆನ್ನೆಯ ಮಚ್ಚೆ, ಕಮಾನಿನಂಥ ಹುಬ್ಬು. ಆದರೆ ನೂರಾರು ವರ್ಷ ನೋಡಿದವನು, ಹಂಬಲಿಸಿದವನು, ಬರೆದವನು ಹೆಚ್ಚುಕಡಿಮೆ ಗಂಡಸೇ. ಹೆಣ್ಣು ಬರೆದರೆ ಅನುಮಾನ ಬೇರೆ. ಪರ್ವೀನ್ ಎತೆಸಾಮಿಯ ಸಂಕಲನ 1935ರಲ್ಲಿ ಬಂತು. ನೀತಿ, ಬಡತನ, ಅನ್ಯಾಯದ ಬಗ್ಗೆ ಗಟ್ಟಿಯಾದ ಕವಿತೆಗಳು. ಇಷ್ಟು ಚೆನ್ನಾಗಿ ಹೆಂಗಸು ಬರೆಯಲಿಕ್ಕೆ ಸಾಧ್ಯವೇ, ಯಾರೋ ಗಂಡಸು ಬರೆದುಕೊಟ್ಟಿರಬೇಕು ಅಂದವರಿದ್ದರು.

ಫರೂಗ್ ವಿಷಯದಲ್ಲಿ ಆ ಮಾತಿಗೆ ಜಾಗವೇ ಉಳಿಯಲಿಲ್ಲ. ಸೇನೆಯ ಕರ್ನಲ್ ಒಬ್ಬರ ಮಗಳು, ಹದಿನಾರಕ್ಕೆ ಮದುವೆ, ಒಬ್ಬ ಮಗ, ಆಮೇಲೆ ವಿಚ್ಛೇದನ. ಮಗ ಗಂಡನ ಪಾಲಾದ. ಅದೇ ಹೊತ್ತಿಗೆ, 1950ರ ದಶಕದ ನಡುವೆ, 'ಪಾಪ' ಅನ್ನುವ ಕವಿತೆ ಪ್ರಕಟವಾಯಿತು. ಅದರಲ್ಲಿ ಹೆಣ್ಣೊಬ್ಬಳು ತಾನು ಪಾಪ ಮಾಡಿದೆ, ಅದು ಸುಖ ತುಂಬಿದ ಪಾಪ ಅಂತ ನೇರವಾಗಿ ಹೇಳುತ್ತಾಳೆ. ಟೆಹರಾನಿನಲ್ಲಿ ದೊಡ್ಡ ಗದ್ದಲವೇ ಆಯಿತು. ಈಗಲೂ ಫರೂಗ್ ಅಂದರೆ ಆ ಒಂದು ಕವಿತೆ, ಮತ್ತೆ 1967ರ ಕಾರು ಅಪಘಾತ, 32ರ ಸಾವು. ಇಷ್ಟಕ್ಕೇ ಆಕೆಯನ್ನು ಮುಗಿಸಿಬಿಡುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ.

ಯಾಕೆಂದರೆ 'ಪಾಪ'ದಲ್ಲಿ ಇನ್ನೂ ಸಮಾಜದ ಲೆಕ್ಕಾಚಾರವೇ ಇದೆ. ಸುಖಪಟ್ಟರೂ ಅದನ್ನು ಪಾಪ ಅಂತಲೇ ಕರೆಯುತ್ತಾಳೆ. 1964ರ 'ಮತ್ತೊಂದು ಹುಟ್ಟು' ಸಂಕಲನಕ್ಕೆ ಬರುವಷ್ಟರಲ್ಲಿ ಆ ಲೆಕ್ಕವನ್ನೇ ಬಿಟ್ಟುಬಿಟ್ಟಿದ್ದಾಳೆ. ಅದರಲ್ಲಿರುವ 'ನನ್ನ ಪ್ರಿಯತಮ' ನೋಡಿ. ನಾಚಿಕೆಯಿಲ್ಲದ ಬೆತ್ತಲೆ ಮೈಯಲ್ಲಿ, ಬಲಿಷ್ಠ ಕಾಲುಗಳ ಮೇಲೆ, ಸಾವಿನ ಹಾಗೆ ನಿಂತಿದ್ದಾನೆ ಗಂಡಸು. ನೋಡುತ್ತಿರುವವಳು ಹೆಣ್ಣು. ಮುಂದೆ ಅವನನ್ನು ಸರಳ ಮನುಷ್ಯ ಅನ್ನುತ್ತಾಳೆ. ಈ ಅಪಶಕುನದ ನಾಡಿನಲ್ಲಿ, ಒಂದು ಮಹಾನ್ ಧರ್ಮದ ಕೊನೆಯ ಕುರುಹನ್ನು ಬಚ್ಚಿಡುವಂತೆ, ಅವನನ್ನು ತನ್ನ ಎದೆಯ ಪೊದೆಯೊಳಗೆ ಬಚ್ಚಿಟ್ಟಿದ್ದೇನೆ ಅನ್ನುತ್ತಾಳೆ. ಕ್ಷಮೆಯಿಲ್ಲ, ಪಶ್ಚಾತ್ತಾಪವಿಲ್ಲ. ಗಂಡಸನ್ನು ಕಣ್ತುಂಬ ನೋಡಿ ಅವನ ಮೈಯನ್ನು ಹೊಗಳುವ ಹಕ್ಕು, ಅವನನ್ನು ಕಾಪಾಡುವ ಹಕ್ಕು, ಎರಡೂ ತನ್ನದು ಅಂತ ಆಕೆ ತೀರ್ಮಾನ ಮಾಡಿಯಾಗಿದೆ. ಇದಕ್ಕಿಂತ ದೊಡ್ಡ ಬಂಡಾಯ ಯಾವುದು ಹೇಳಿ? ನಾಡಿನ ಬಗ್ಗೆ ಹೇಳಬೇಕಾದ್ದನ್ನೂ ಅದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದಾಳೆ.

ಇದೇ ಪ್ರೀತಿ ಆಕೆಯ ಕ್ಯಾಮೆರಾದಲ್ಲೂ ಇದೆ. 1962ರಲ್ಲಿ ತಬ್ರೀಜ್ ಬಳಿಯ ಕುಷ್ಠರೋಗಿಗಳ ಕಾಲೊನಿಯಲ್ಲಿ ಫರೂಗ್ ಒಂದು ಸಾಕ್ಷ್ಯಚಿತ್ರ ತೆಗೆದಳು. ಸುಮಾರು ಇಪ್ಪತ್ತು ನಿಮಿಷದ್ದು, ಹೆಸರು 'ಮನೆ ಕಪ್ಪಾಗಿದೆ'. ಅದರಲ್ಲೊಂದು ತರಗತಿಯ ದೃಶ್ಯ. ಚೆಂದದ ವಸ್ತುಗಳ ಹೆಸರು ಹೇಳು ಅಂತ ಮೇಷ್ಟ್ರು ಕೇಳುತ್ತಾರೆ. ಹುಡುಗ ಚಂದ್ರ, ಸೂರ್ಯ, ಹೂವು, ಆಟ ಅನ್ನುತ್ತಾನೆ. ಕೆಟ್ಟದಾಗಿರುವುದರ ಹೆಸರು ಹೇಳು ಅಂತ ಇನ್ನೊಬ್ಬನನ್ನು ಕೇಳಿದರೆ ಕೈ, ಕಾಲು, ತಲೆ ಅನ್ನುತ್ತಾನೆ. ರೋಗ ತಗುಲಿದ ಆ ಮಕ್ಕಳೆಲ್ಲ ನಗುತ್ತಾರೆ. ಫರೂಗ್ ಆ ನಗುವಿನಿಂದ ಕ್ಯಾಮೆರಾ ತಿರುಗಿಸುವುದಿಲ್ಲ. ಆ ಕಾಲೊನಿಯ ಒಬ್ಬ ಹುಡುಗನನ್ನು ಆಮೇಲೆ ದತ್ತು ತೆಗೆದುಕೊಂಡಳು. ಸ್ವಂತ ಮಗನನ್ನು ಕಳೆದುಕೊಂಡ ತಾಯಿ ಅನ್ನುವುದು ನೆನಪಿದ್ದರೆ ಆ ಇಪ್ಪತ್ತು ನಿಮಿಷ ನೋಡುವುದು ಸುಲಭವಲ್ಲ.

ಇರಾನಿನ ಇನ್ನೊಬ್ಬ ಕವಯಿತ್ರಿ ಸಿಮಿನ್ ಬೆಹಬಹಾನಿಯವರ ದಾರಿ ಬೇರೆ. ಫರೂಗ್ ಹಳೆಯ ಛಂದಸ್ಸು ಸಡಿಲಿಸಿ ಆಚೆ ನಡೆದರೆ, ಇವರು ಗಜಲ್ ಬಿಡಲೇ ಇಲ್ಲ. ಅದರೊಳಗೇ ಹೊಸ ಲಯಗಳನ್ನು ತಂದರು, ಬೀದಿಯ ಮಾತು ತಂದರು. ಇರಾನ್-ಇರಾಕ್ ಯುದ್ಧದ ಹಿನ್ನೆಲೆಯ ಒಂದು ಗಜಲ್‌ನಲ್ಲಿ ಒಂದು ಕಾಲಿಲ್ಲದ ಯುವಕ ಬರುತ್ತಾನೆ. ಮೊದಲು ಕಾಣುವುದು ಅವನ ಮಡಚಿದ ಪ್ಯಾಂಟು. ಅವನ ಕಣ್ಣಲ್ಲಿ ಸಿಟ್ಟು. ತಾಯಿಯ ಹಾಗೆ ಅವನಿಗೆ ಎರಡು ಮಾತು ಹೇಳಬೇಕು ಅಂತ ಕವಿ ತಿರುಗುವಷ್ಟರಲ್ಲಿ ಅವನಿಲ್ಲ. ಪ್ರಿಯಕರನಿಗಾಗಿ ಹಂಬಲಿಸುತ್ತಿದ್ದ ಗಜಲ್ ಇಲ್ಲಿ ಪರರ ಮಗನಿಗಾಗಿ ಹಂಬಲಿಸುತ್ತದೆ. ಆಳುವವರಿಗೆ ಇಂಥ ಮರುಕವೂ ಭಯ ಹುಟ್ಟಿಸುತ್ತದೆ. 2010ರ ಮಾರ್ಚ್‌ನಲ್ಲಿ, ಮಹಿಳಾ ದಿನದ ಕಾರ್ಯಕ್ರಮಕ್ಕೆಂದು ಪ್ಯಾರಿಸ್‌ಗೆ ಹೊರಟಿದ್ದ ಅವರನ್ನು ಟೆಹರಾನ್ ವಿಮಾನ ನಿಲ್ದಾಣದಲ್ಲೇ ತಡೆದು ಪಾಸ್‌ಪೋರ್ಟ್ ಕಿತ್ತುಕೊಂಡರು. ಆಗ ಅವರಿಗೆ 82 ವರ್ಷ, ಕಣ್ಣು ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ.

ಇದೆಲ್ಲ ಹಳೆಯ ತಲೆಮಾರಿನ ಕತೆ ಅನ್ನುವವರು ಫಾತಿಮೆ ಎಖ್ತೆಸಾರಿಯ ಪ್ರಕರಣ ನೋಡಬೇಕು. ಗಜಲನ್ನೇ ಮುರಿದು ಕಟ್ಟಿದ ಕವಿ. 2015ರಲ್ಲಿ ಇರಾನಿನ ನ್ಯಾಯಾಲಯ ಆಕೆಗೆ ಹನ್ನೊಂದೂವರೆ ವರ್ಷ ಜೈಲು ಮತ್ತು 99 ಛಡಿಯೇಟಿನ ಶಿಕ್ಷೆ ಕೊಟ್ಟಿತು. ಜೊತೆಗಿದ್ದ ಕವಿ ಮೆಹದಿ ಮೂಸವಿಗೆ ಒಂಬತ್ತು ವರ್ಷ, ಅಷ್ಟೇ ಛಡಿಯೇಟು. ಇಬ್ಬರ ಮೇಲಿನ ಆರೋಪಗಳಲ್ಲಿ ಒಂದು, ಸಂಬಂಧಿಕರಲ್ಲದ ಗಂಡು-ಹೆಣ್ಣು ಕೈ ಕುಲುಕಿದ್ದು. ಇಬ್ಬರೂ ದೇಶ ಬಿಟ್ಟು ತಪ್ಪಿಸಿಕೊಂಡರು. ಒಂದು ಹಸ್ತಲಾಘವಕ್ಕೆ ಛಡಿಯೇಟು ಎಣಿಸುವ ಕಡೆ, ಅಪ್ಪುಗೆಯ ಬಗ್ಗೆ ನಾಲ್ಕು ಸಾಲು ಬರೆಯುವವಳನ್ನು 'ಬರೀ ಪ್ರೇಮಕವಿ' ಅನ್ನಲಿಕ್ಕೆ ನನಗೆ ಬಾಯಿ ಬರುವುದಿಲ್ಲ.

ಪರ್ಶಿಯನ್ ಬಾರದ ನಾನು ಇವನ್ನೆಲ್ಲ ಇಂಗ್ಲಿಷಿನ ಮೂಲಕವೇ ಓದಿದ್ದು. ಮೂಲದ ನಾದ ಎಷ್ಟೋ ಕಳೆದುಹೋಗಿರುತ್ತದೆ. ಹಾಗಿದ್ದೂ ಹೊಸದಾಗಿ ಓದುವವರಿಗೆ ಒಂದು ಕೋರಿಕೆ. ಫರೂಗ್‌ಳನ್ನು 'ಪಾಪ'ದಿಂದ ಶುರು ಮಾಡಬೇಡಿ. ಮೊದಲು 'ನನ್ನ ಪ್ರಿಯತಮ' ಓದಿ, ಆಮೇಲೆ ಸಂಕಲನದ ಹೆಸರಿನದೇ ಕವಿತೆ 'ಮತ್ತೊಂದು ಹುಟ್ಟು'. ಅಲ್ಲಿ ಬದುಕು ಅಂದರೆ ಬುಟ್ಟಿ ಹಿಡಿದ ಹೆಂಗಸೊಬ್ಬಳು ದಿನಾ ಹಾದುಹೋಗುವ ಉದ್ದನೆಯ ಬೀದಿ ಇರಬಹುದು ಅನ್ನುತ್ತಾಳೆ. ಜೋಡಿ ಚೆರ್ರಿ ಹಣ್ಣನ್ನು ಕಿವಿಗೆ ಓಲೆ ಮಾಡಿಕೊಳ್ಳುತ್ತಾಳೆ. 'ಪಾಪ' ಅದಾದ ಮೇಲೆ ಓದಿದರೂ ನಡೆದೀತು.